ಎಷ್ಟು ಎಲೆ?

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಊಟದ ಮೇಜು ಎಂಬ ವಸ್ತುವೇ ಇರಲಿಲ್ಲ. ಹಲಸಿನ ಮರದ ಮಣೆ, ಮಣೆಯ ಮುಂದೆ ಬಾಳೆ ಎಲೆ, ಎಲೆಯ ಪಕ್ಕದಲ್ಲಿ ನೀರಿನ ಲೋಟ, ಅಷ್ಟಕ್ಕೆ ವ್ಯವಸ್ಥೆ ಮುಗಿಯುತ್ತಿತ್ತು. ಆ ಮಣೆಗಳನ್ನು ಯಾರೂ ಅಂಗಡಿ ಸುತ್ತಿ ಆರಿಸಿ ತಂದವರಲ್ಲ. ಅಜ್ಜನ ಕಾಲದಲ್ಲಿ ಹಿತ್ತಲಿನ ಹಲಸಿನ ಮರವೊಂದು ಮಳೆಗಾಲದ ಗಾಳಿಗೆ ಉರುಳಿತಂತೆ. ಆಚಾರ್ರು ಬಂದು ಜಗಲಿಯ ಮೇಲೆ ತಿಂಗಳುಗಟ್ಟಲೆ ಕೂತು, ನಮ್ಮ ಮನೆಯ ಕಾಫಿಯನ್ನೂ ಅಡಿಕೆಯನ್ನೂ ಸಮನಾಗಿ ಖರ್ಚು ಮಾಡುತ್ತಾ, ಹದಿನಾರು ಮಣೆ ಕೊಟ್ಟು ಹೋದರಂತೆ. ಇಂಥ ಮನೆಯಿಂದ ಬಂದವನು ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿ, ನಲವತ್ತು ದಾಟಿದ ಮೇಲೆ, ಮೊದಲ ಬಾರಿಗೆ ಮೇಜು ಆರಿಸಲು ಹೊರಟರೆ ಏನೇನು ಆಗಬಹುದೋ ಅಷ್ಟೂ ಆಯಿತು.

ಹಾಗೆಂದು ನಮ್ಮಲ್ಲಿ ಮೇಜು ಇರಲೇ ಇಲ್ಲ ಎಂದಲ್ಲ. ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ, ಒತ್ತಿ, ಮೇಲೊಂದು ಮರದ ಚಿತ್ರದ ಹಾಳೆ ಹಚ್ಚಿದ ಮೇಜೊಂದಿತ್ತು. ನಾನೇ ಕೈಯಾರೆ ಜೋಡಿಸಿದ್ದರಿಂದ ಅದರ ಒಂದು ಕಾಲು ಯಾವಾಗಲೂ ಭಿನ್ನಾಭಿಪ್ರಾಯ ಸೂಚಿಸುತ್ತಿತ್ತು. ಒಂದು ದಿನ ಅದರ ಅಂಚಿನ ಮೇಲೆ ಚೆಲ್ಲಿದ ಸಾಂಬಾರನ್ನು ಒರೆಸಲು ಮರೆತೆವು. ಬೆಳಗಾಗುವುದರೊಳಗೆ ಆ ಅಂಚು ಎಣ್ಣೆಗೆ ಬಿದ್ದ ಹಪ್ಪಳದಂತೆ ಉಬ್ಬಿ ನಿಂತಿತ್ತು. ನನ್ನ ಹೆಂಡತಿ ಅದನ್ನು ಬೆರಳಿನಿಂದ ಒತ್ತಿ ನೋಡಿ, "ರೀ, ಇನ್ನು ಹೊಟ್ಟಿನ ಮೇಲೆ ಊಟ ಸಾಕು. ಮರ ಅಂದರೆ ಮರವೇ ಆಗಿರಬೇಕು" ಎಂದಳು.

ಓಹಾಯೋದಲ್ಲಿ ಇರುವವರು ಮರ ಎಂದರೆ ಆಮಿಶ್ ಜನರ ಕಡೆಗೇ ಕೈ ತೋರಿಸುತ್ತಾರೆ. 1693ರಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಅಲ್ಸಾಸ್ ಕಡೆಯಲ್ಲಿ ಯಾಕೋಬ್ ಅಮ್ಮನ್ ಎಂಬ ಧರ್ಮಬೋಧಕನ ಹಿಂದೆ ಬೇರೆಯಾಗಿ ನಿಂತ ಕ್ರೈಸ್ತರ ಪಂಗಡ ಅದು. ಕಾರು ಇಟ್ಟುಕೊಳ್ಳುವುದಿಲ್ಲ, ಕುದುರೆಗಾಡಿ ಓಡಿಸುತ್ತಾರೆ. ಮನೆಗೆ ಕರೆಂಟಿನ ತಂತಿ ಎಳೆಸಿಕೊಳ್ಳುವುದಿಲ್ಲ. ಮದುವೆಯಾದ ಗಂಡಸರು ಗಡ್ಡ ಬಿಟ್ಟು ಮೀಸೆಯನ್ನು ಮಾತ್ರ ಬೋಳಿಸುತ್ತಾರೆ. ನಮ್ಮ ಮನೆಯಿಂದ ಎರಡು ತಾಸಿನೊಳಗಿನ ದಾರಿಯಲ್ಲಿರುವ ಹೋಮ್ಸ್ ಕೌಂಟಿ ಅವರ ಅತಿ ದೊಡ್ಡ ನೆಲೆಗಳಲ್ಲಿ ಒಂದು. ಅಲ್ಲಿನ ಬರ್ಲಿನ್ ಎಂಬ ಪುಟ್ಟ ಊರಿನ ಸುತ್ತಮುತ್ತ ಬಡಗಿಗಳ ಕಾರ್ಖಾನೆಗಳು ಸಾಲುಸಾಲಾಗಿವೆ. ಮೇಜು ನೋಡಲು ಬರ್ಲಿನ್‌ಗೆ ಹೊರಟಿದ್ದೇವೆ ಎಂದು ಫೋನಿನಲ್ಲಿ ಹೇಳಿದಾಗ ಅಮ್ಮ, "ಒಂದು ಮೇಜಿಗಾಗಿ ಜರ್ಮನಿಗೆ ಹೋಗುವಷ್ಟು ದುಡ್ಡು ಹೆಚ್ಚಾಯಿತೇನೋ ಮಾರಾಯ?" ಎಂದು ಗದರಿದರು.

ಜನವರಿಯ ಒಂದು ಭಾನುವಾರ ಬೆಳಗ್ಗೆ ಹೊರಟೆವು. ಪಂಗಡದ ಇತಿಹಾಸವನ್ನು ರಾತ್ರಿಯಿಡೀ ಓದಿದ್ದ ನನಗೆ, ಇಷ್ಟು ದೈವಭಕ್ತರಾದವರು ಭಾನುವಾರ ವ್ಯಾಪಾರ ಮಾಡುವುದಿಲ್ಲ ಎಂಬ ಸಣ್ಣ ಸಂಗತಿ ಮಾತ್ರ ಹೊಳೆದಿರಲಿಲ್ಲ. ಹಿಮ ಬಿದ್ದ ರಸ್ತೆಯಲ್ಲಿ ಕಪ್ಪು ಗಾಡಿಗಳು ಒಂದರ ಹಿಂದೊಂದು ಸಾಗುತ್ತಿದ್ದವು. ಅವರಿಗೆ ಪ್ರತ್ಯೇಕ ಚರ್ಚು ಕಟ್ಟಡ ಇರುವುದಿಲ್ಲ. ವಾರ ಬಿಟ್ಟು ವಾರ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆ ನಡೆಯುತ್ತದೆ, ಕೂರುವ ಬೆಂಚುಗಳು ಗಾಡಿಯಲ್ಲಿ ಆ ಮನೆಗೆ ಹೋಗುತ್ತವೆ. ಅಂಗಡಿಗಳೆಲ್ಲ ಮುಚ್ಚಿದ್ದವು, ಹೋಟೆಲೂ ಮುಚ್ಚಿತ್ತು. ಬೀಗ ಹಾಕಿದ ಕಾರ್ಖಾನೆಯೊಂದರ ಮುಂದೆ ಕಾರು ನಿಲ್ಲಿಸಿ, ಕಿಟಕಿಯ ಗಾಜಿನಾಚೆ ಮಂಕಾಗಿ ಕಾಣುತ್ತಿದ್ದ ಮೇಜುಗಳನ್ನು ನೋಡುತ್ತಾ, ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಚಿತ್ರಾನ್ನ ತಿಂದೆವು. ಮೇಜಿಲ್ಲದೆಯೂ ಊಟ ಸಾಗುತ್ತದೆ ಎಂದು ಹೇಳಲು ಬಾಯಿ ತೆರೆದವನು, ಹೆಂಡತಿಯ ಮುಖ ನೋಡಿ ಚಿತ್ರಾನ್ನಕ್ಕೇ ಅದನ್ನು ಮೀಸಲಿಟ್ಟೆ.

ಮುಂದಿನ ಶನಿವಾರ ಬಾಗಿಲು ತೆರೆದಿತ್ತು. ಉಳಿಯ ಮೇಲೆ ಕೊಡತಿ ಬೀಳುವ ಸದ್ದು, ಮೌನವಾಗಿ ಕೀಸುಳಿ ಹೊಡೆಯುವ ಹಣ್ಣುಗಡ್ಡದ ಮುದುಕ, ಇಂಥದ್ದನ್ನೆಲ್ಲ ಕಲ್ಪಿಸಿಕೊಂಡು ಹೋಗಿದ್ದ ನನ್ನನ್ನು ಸ್ವಾಗತಿಸಿದ್ದು ಡೀಸೆಲ್ ಎಂಜಿನ್ನಿನ ಗರ್ಜನೆ. ಕಂಪನಿಯ ಕರೆಂಟು ಬೇಡವೆಂದ ಮಾತ್ರಕ್ಕೆ ಯಂತ್ರವೇ ಬೇಡವೆಂದಲ್ಲ: ಎಂಜಿನ್ ಗಾಳಿಯನ್ನು ಒತ್ತಿ ಟ್ಯಾಂಕಿಗೆ ತುಂಬುತ್ತದೆ, ಕೊಳವೆಗಳಲ್ಲಿ ಹರಿಯುವ ಆ ಗಾಳಿಯ ಬಲದಿಂದ ಡ್ರಿಲ್ಲು, ಉಜ್ಜುವ ಯಂತ್ರ ಎಲ್ಲ ಓಡುತ್ತವೆ. ಬೆಳಕು ಮಾತ್ರ ಚಾವಣಿಯ ಗಾಜಿನಿಂದ ಬರುತ್ತಿತ್ತು. ಬಡಗಿ ನನಗಿಂತ ಚಿಕ್ಕವನು. ಕೆಲಸಗಾರರೊಡನೆ ತಮ್ಮ ಜರ್ಮನ್ ಆಡುಭಾಷೆಯಲ್ಲಿ ಮಾತಾಡುತ್ತಿದ್ದವನು ನಮ್ಮತ್ತ ತಿರುಗಿ ಇಂಗ್ಲಿಷಿನಲ್ಲಿ, ಯಾವ ಮರ ಎಂದು ಕೇಳಿದ.

ನಾನು ತಯಾರಾಗಿಯೇ ಹೋಗಿದ್ದೆ. ಮರದ ಗಡಸುತನವನ್ನು ಅಳೆಯುವ ಜಾಂಕಾ ಮಾಪಕದ ಎಕ್ಸೆಲ್ ಹಾಳೆಯನ್ನು ಫೋನಿನಲ್ಲಿ ತೆರೆದೆ. 0.444 ಇಂಚಿನ ಉಕ್ಕಿನ ಗುಂಡೊಂದನ್ನು ಮರದೊಳಗೆ ಅರ್ಧದಷ್ಟು ಊರಲು ಎಷ್ಟು ಪೌಂಡು ಬಲ ಬೇಕು ಎಂಬುದೇ ಆ ಲೆಕ್ಕ: ಹಿಕರಿಗೆ 1820, ಗಟ್ಟಿ ಮೇಪಲ್‌ಗೆ 1450, ಕೆಂಪು ಓಕ್‌ಗೆ 1290, ಕಪ್ಪು ವಾಲ್‌ನಟ್‌ಗೆ 1010, ಚೆರಿಗೆ 950. ಆದ್ದರಿಂದ ಹಿಕರಿಯೇ ಉತ್ತಮವಲ್ಲವೇ ಎಂದು ವಾದ ಮಂಡಿಸಿದೆ. ಆತ ಸ್ವಲ್ಪ ಯೋಚಿಸಿ, "ನಿಮ್ಮಲ್ಲಿ ಊಟದ ಮೇಜಿಗೆ ಉಕ್ಕಿನ ಗುಂಡು ಊರುವ ಪದ್ಧತಿ ಇದೆಯೇ?" ಎಂದು ಕೇಳಿದ. ಅದರಲ್ಲಿ ವ್ಯಂಗ್ಯದ ಸುಳಿವೂ ಇರಲಿಲ್ಲ. ಗಿರಾಕಿಯ ಆಚಾರವನ್ನು ತಿಳಿದು ಕೆಲಸ ಮಾಡುವವನ ಕಾಳಜಿ ಮಾತ್ರ ಇತ್ತು.

ನನ್ನ ಹೆಂಡತಿ ಇಂಥ ಮಾಪಕಗಳನ್ನು ನಂಬುವವಳಲ್ಲ. ಅವಳು ಆತನಿಂದ ಐದು ಮರದ ಮಾದರಿ ತುಂಡುಗಳನ್ನು ಕೇಳಿ ಪಡೆದು ಮನೆಗೆ ತಂದು ತನ್ನದೇ ಪರೀಕ್ಷೆ ನಡೆಸಿದಳು. ಪ್ರತಿ ತುಂಡಿಗೂ ಅರಿಶಿನ ಕಲಸಿದ ಎಣ್ಣೆ ಸವರಿ ಒಂದು ರಾತ್ರಿ ಬಿಟ್ಟಳು. ಮರುದಿನ ಅವುಗಳ ಮೇಲೆ ಕೂಗಿ ಇಳಿದ ಕುಕ್ಕರನ್ನು ಕೂರಿಸಿದಳು. ವಾರ್ನಿಷ್ ಎಷ್ಟೇ ಗಟ್ಟಿಯಿದ್ದರೂ ಕುಕ್ಕರಿನ ಬಿಸಿಗೆ ಬಿಳಿಯ ಬಳೆಯೊಂದು ಮೂಡಿಯೇ ಮೂಡುತ್ತದೆ ಎಂಬುದು ಸಾಬೀತಾಯಿತು. ತೆಳು ಬಣ್ಣದ ಮೇಪಲ್ ಅರಿಶಿನ ಶಾಸ್ತ್ರ ಮುಗಿಸಿದ ಮದುಮಗಳಂತೆ ಹೊಳೆಯುತ್ತಿತ್ತು. ಓಕ್‌ನ ಆಳವಾದ ಗೆರೆಗಳಲ್ಲಿ ಅವಲಕ್ಕಿ ಪುಡಿ ಸಿಕ್ಕಿಕೊಳ್ಳುತ್ತದೆ ಎಂದು ಅದನ್ನು ಬಿಟ್ಟಳು, ವಾಲ್‌ನಟ್ಟನ್ನು ಬೆಲೆಯೇ ಬಿಟ್ಟಿತು. ಕೊನೆಗೆ ಅವಳು ಒಪ್ಪಿದ್ದು ಚೆರಿ. ನನ್ನ ಹಾಳೆಯಲ್ಲಿ ಅದು ಕಟ್ಟಕಡೆಯದು. ಅದನ್ನು ನಾನು ಹೇಳಿದೆ ಕೂಡ.

ಇನ್ನೊಂದು ಶನಿವಾರ ಮತ್ತೆ ಹೋದೆವು. ಅಲ್ಲಿ ಬೆಳಗ್ಗೆ ಹತ್ತೂವರೆ, ತೀರ್ಥಹಳ್ಳಿಯಲ್ಲಿ ರಾತ್ರಿ ಒಂಬತ್ತು. ಅಮ್ಮನಿಗೆ ವಿಡಿಯೋ ಕರೆ ಮಾಡಿದೆ. ಆಮಿಶರು ಫೋಟೋಗೆ ಮುಖ ಕೊಡುವುದಿಲ್ಲವಾದ್ದರಿಂದ ಕ್ಯಾಮೆರಾವನ್ನು ಹಲಗೆಗಳ ಕಡೆಗೇ ಹಿಡಿದಿದ್ದೆ. ಬಡಗಿ ಆರ್ಡರಿನ ಚೀಟಿ ತುಂಬುತ್ತಾ ಹೋದ: ಆರು ಅಡಿ ಉದ್ದ, 42 ಇಂಚು ಅಗಲ, ನಡುವೆ ಕಂಬದ ಕಾಲು. ಬಳಿಕ ತಲೆಯೆತ್ತದೆ, ಲೀಫ್ ಎಷ್ಟು ಎಂದು ಕೇಳಿದ. ಗುಂಡಿನ ವ್ಯಾಸವನ್ನು ದಶಮಾಂಶದ ಮೂರನೆಯ ಸ್ಥಾನದವರೆಗೆ ಬಲ್ಲ ನನಗೆ ಮೇಜಿಗೆ ಲೀಫ್ ಎಂಬುದೊಂದು ಇರುತ್ತದೆಂದು ಗೊತ್ತಿರಲಿಲ್ಲ.

"ಅಮ್ಮ, ಎಷ್ಟು ಎಲೆ ಅಂತ ಕೇಳ್ತಿದ್ದಾರೆ" ಎಂದೆ.

ಅಮ್ಮನಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಊಟದ ವಿಷಯ ಬಂದಾಗ ನಮ್ಮಲ್ಲಿ ಕೇಳುವುದೇ ಹಾಗೆ. ಮದುವೆಗೆ ಐನೂರು ಎಲೆ, ತಿಥಿಗೆ ಮೂವತ್ತು ಎಲೆ. "ಗಣಪತಿ ಹಬ್ಬಕ್ಕೆ ನಾನು ಅಲ್ಲೇ ಇರ್ತೀನಲ್ಲ. ನಿನ್ನ ಸ್ನೇಹಿತರ ಸಂಸಾರ ಎಲ್ಲ ಸೇರಿದರೆ ಹನ್ನೆರಡು ಎಲೆಗೆ ಕಡಿಮೆ ಇಲ್ಲ. ಹನ್ನೆರಡು ಅಂತ ಹೇಳು" ಎಂದರು. ನಾನು ಹನ್ನೆರಡು ಎಂದೆ. ಆತ ಹನ್ನೆರಡು ಎಂದು ಬರೆದುಕೊಂಡ, ಹುಬ್ಬು ಕೂಡ ಏರಿಸಲಿಲ್ಲ. ಏಳೆಂಟು ಮಕ್ಕಳು ಸಾಮಾನ್ಯವಾಗಿರುವ, ಹಬ್ಬಕ್ಕೆ ಇಡೀ ಬಳಗ ಬಂದು ಕೂರುವ ಸಮಾಜದಲ್ಲಿ ಹನ್ನೆರಡು ಲೀಫಿನ ಮೇಜು ಬೆರಗಿನ ಮಾತಲ್ಲ.

ಬೆಲೆ ಕೇಳಿ ನಾನು ಚೌಕಾಸಿಗೆ ಇಳಿದೆ. ಮೊತ್ತ ಅಷ್ಟು ದೊಡ್ಡದಾಗಿರುವುದು ಏಕೆಂದು ಯೋಚಿಸಬೇಕಿತ್ತು, ಯೋಚಿಸಲಿಲ್ಲ. ಚೌಕಾಸಿ ಮಾಡಲು ಎದುರಿನವನು ಏನಾದರೂ ಹೇಳಬೇಕು, ಕೊನೆಗೆ ಅಸಲೇ ಹುಟ್ಟುವುದಿಲ್ಲ ಸ್ವಾಮಿ ಎಂದಾದರೂ ಗೋಳಿಡಬೇಕು. ಈತ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಸುಮ್ಮನೆ ನಿಂತ. ಸಿಟ್ಟಿಲ್ಲ, ನಗುವಿಲ್ಲ, ಹೊಲ ನೋಡಿಕೊಂಡು ನಿಂತಂತೆ ನಿಂತ. ಎಂಜಿನ್ ಸದ್ದು ಮಾಡುತ್ತಲೇ ಇತ್ತು. ಆ ಮೌನವನ್ನು ತಡೆಯಲಾಗದೆ, ಏನಾದರೂ ಹೇಳಲೇಬೇಕೆನಿಸಿ, "ಇನ್ನೆರಡು ಕುರ್ಚಿಯೂ ಇರಲಿ" ಎಂದುಬಿಟ್ಟೆ.

ಚೀಟಿಯನ್ನು ಸರಿಯಾಗಿ ಓದಿದವಳು ಹೆಂಡತಿ, ಅದೂ ಕಾರಿನಲ್ಲಿ ಕೂತ ಮೇಲೆ. "ರೀ, ಪೂರ್ತಿ ತೆರೆದಾಗ ಹದಿನೆಂಟು ಅಡಿ ಅಂತ ಬರೆದಿದೆಯಲ್ಲ, ನಮ್ಮ ಊಟದ ಕೋಣೆ ಇರುವುದೇ ಹನ್ನೆರಡು ಅಡಿ" ಎಂದಳು. ಓಡಿ ಒಳಗೆ ಹೋದೆ. ಆತ ತಾಳ್ಮೆಯಿಂದ ಒಂದು ಮೇಜಿನ ಎರಡು ತುದಿಗಳನ್ನು ಹಿಡಿದು ಎಳೆಸಿದ. ಮೇಜು ನಡುವೆ ಬಾಯಿಬಿಟ್ಟಿತು, ಕೆಳಗೆ ಮರದ ಹಳಿಗಳು ಜಾರಿ ಬಂದವು. ಆ ಬಾಯೊಳಗೆ ಕೂರಿಸುವ ಹನ್ನೆರಡು ಇಂಚು ಅಗಲದ ಹಲಗೆಯೇ ಲೀಫ್. ಎಂಟನೆಯ ತರಗತಿಗೆ ಶಾಲೆ ಮುಗಿಸುವುದು ಅವರ ಸಂಪ್ರದಾಯ; ನಾನು ಫೋನಿನಲ್ಲಿ ಕ್ಯಾಲ್ಕುಲೇಟರ್ ಹುಡುಕುವಷ್ಟರಲ್ಲಿ ಆತ ಬಾಯಲ್ಲೇ ಲೆಕ್ಕ ಒಪ್ಪಿಸಿದ. ಒಬ್ಬರಿಗೆ 24 ಇಂಚು ಜಾಗ. ಹತ್ತು ಅಡಿಯ ಮೇಜಾದರೆ ಆ ಬದಿಗೆ ಐವರು, ಈ ಬದಿಗೆ ಐವರು, ತುದಿಗೊಬ್ಬೊಬ್ಬರು. ಹನ್ನೆರಡು ಎಲೆ ಹಾಕಲು ನಾಲ್ಕು ಎಲೆ ಸಾಕು ಎಂದಾಯಿತು. ಹಬ್ಬದ ದಿನ ಮೇಜಿನ ಒಂದು ತುದಿಯೂ ಅಲ್ಲಿ ಕೂರುವ ಅತಿಥಿಯೂ ಕಮಾನಿನಾಚೆ ಹಾಲಿನಲ್ಲಿ ಇರಬೇಕಾಗುತ್ತದೆ, ಇರಲಿ ಎಂದುಕೊಂಡೆವು.

ಏಪ್ರಿಲ್‌ನಲ್ಲಿ, ಹೇಳಿದ ದಿನಕ್ಕೆ ಸರಿಯಾಗಿ, ಮೇಜು ಬಂತು. ಆಚಾರ್ರ ಗಡುವುಗಳನ್ನು ನೋಡಿ ಬೆಳೆದ ನಾನು ಅಂದು ಮನೆಯಲ್ಲೇ ಇರಲಿಲ್ಲ. ಕಾರು ಓಡಿಸದವರ ಪರವಾಗಿ ಬಾಡಿಗೆ ಟ್ರಕ್ಕಿನ ಚಾಲಕನೇ ನನ್ನ ಹೆಂಡತಿಯ ಮೇಲ್ವಿಚಾರಣೆಯಲ್ಲಿ ಅದನ್ನು ಒಳಗಿಳಿಸಿದ. ಸಂಜೆ ನಾನು ಬಂದು, ಮನೆಯ ಯಜಮಾನನ ಧೋರಣೆಯಲ್ಲಿ ಮೇಜಿನ ಕೆಳಗೆ ನುಸುಳಿ ತಪಾಸಣೆ ಮಾಡಿದಾಗ, ಸ್ಕ್ರೂಗಳು ಉದ್ದನೆಯ ತೂತುಗಳಲ್ಲಿ ತುಸು ಸಡಿಲವಾಗಿದ್ದದ್ದು ಕಂಡಿತು. ಕೊನೆಗೂ ಒಂದು ತಪ್ಪು ಸಿಕ್ಕಿತೆಂಬ ಸಂತೋಷದಲ್ಲಿ ಎಲ್ಲವನ್ನೂ ಬಿಗಿದೆ.

ಜುಲೈ ತಿಂಗಳ ಒಂದು ಸೆಕೆಯ ರಾತ್ರಿ ಕೆಳಗಿನ ಕೋಣೆಯಿಂದ 'ಟಕ್' ಎಂದು ದೊಡ್ಡ ಸದ್ದು ಕೇಳಿಸಿತು. ಕಳ್ಳನೆಂದು ಹಿಡಿಸೂಡಿ ಹಿಡಿದು ಇಳಿದರೆ ಯಾರೂ ಇಲ್ಲ. ನಾನು ನೋಡುತ್ತಿದ್ದಂತೆಯೇ ಮೇಜು ಇನ್ನೊಮ್ಮೆ 'ಟಕ್' ಎಂದಿತು. ಮರುದಿನ ಫೋನು ಮಾಡಿದೆ. ಅವರ ಫೋನು ಮನೆಯೊಳಗಲ್ಲ, ದಾರಿಯ ಬದಿಯ ಪುಟ್ಟ ಗೂಡಿನಲ್ಲಿರುತ್ತದೆ. ಸಂದೇಶ ಬಿಟ್ಟು ಕಾಯಬೇಕು. ಸಂಜೆ ಕರೆ ಬಂತು.

"ಸ್ಕ್ರೂ ಬಿಗಿ ಮಾಡಿದಿರಾ?"

"ಸ್ವಲ್ಪ."

"ಆ ಸ್ವಲ್ಪವನ್ನು ಸಡಿಲಿಸಿ."

ಅಸಲಿ ಮರ ಬೇಸಿಗೆಯ ತೇವಕ್ಕೆ ಹಿಗ್ಗುತ್ತದೆ, ಚಳಿಗಾಲದಲ್ಲಿ ಹೀಟರಿನ ಒಣ ಗಾಳಿಗೆ ಕುಗ್ಗುತ್ತದೆ. ಅದು ಸರಿದಾಡಲೆಂದೇ ಆ ತೂತುಗಳನ್ನು ಉದ್ದಕ್ಕೆ ಕೊರೆದಿರುತ್ತಾರೆ. ಹೊಟ್ಟಿನ ಮೇಜಿನ ಜೊತೆ ಬಾಳಿದವನಿಗೆ ಇದೆಲ್ಲ ಹೇಗೆ ತಿಳಿಯಬೇಕು?

ಅಮ್ಮ ಆಗಸ್ಟಿನಲ್ಲಿ ಬಂದರು. ಹಬ್ಬದ ಬೆಳಗ್ಗೆ, ಕೋಟು ನೇತುಹಾಕುವ ಕಪಾಟಿನ ಕತ್ತಲಲ್ಲಿ ಐದು ತಿಂಗಳು ಕಂಬಳಿ ಹೊದ್ದು ನಿಂತಿದ್ದ ನಾಲ್ಕು ಎಲೆಗಳನ್ನು ಹೊರಗೆಳೆದು ಮೇಜಿಗೆ ಕೂರಿಸಿದೆವು. ಅಂಚಿಗೆ ಅಂಚು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತವು. ಬಣ್ಣ ಮಾತ್ರ ಬೇರೆಯೇ ಆಗಿತ್ತು. ಚೆರಿ ಮರ ಬೆಳಕು ಕುಡಿದಂತೆಲ್ಲ ಕೆಂಪಾಗುತ್ತದೆ. ಮೇಜು ಅಷ್ಟರಲ್ಲಿ ಕಷಾಯದ ಬಣ್ಣಕ್ಕೆ ತಿರುಗಿತ್ತು, ಕತ್ತಲಲ್ಲಿದ್ದ ಎಲೆಗಳು ಬಂದ ದಿನದ ಹಾಗೆ ಎಳೆಯವಾಗಿಯೇ ಉಳಿದಿದ್ದವು. ಅದೂ ಸಾಲದೆಂಬಂತೆ, ಮೇಜಿನ ಒಂದು ಮಗ್ಗುಲಲ್ಲಿ ನನ್ನ ಲ್ಯಾಪ್‌ಟಾಪಿನ ಅಳತೆಯ ಬಿಳಿಚು ಚೌಕವೊಂದು, ನಾನು ಮನೆಯಿಂದ ಕೆಲಸ ಮಾಡುವಾಗ ಕೂತ ಜಾಗದಿಂದ ಅಲುಗಾಡಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಮೂಡಿತ್ತು. ಬಡಗಿ ತಪ್ಪು ಮರ ಕೊಟ್ಟನೇ ಎಂದು ನಾನು ಫೋನಿಗೆ ಕೈ ಹಾಕಿದಾಗ ಅಮ್ಮ ತಡೆದರು. "ಹಲಸಿನ ಮಣೆ ಮಾಡಿದ ಹೊಸತರಲ್ಲಿ ಅರಿಶಿನದ ಹಾಗೆ ಇತ್ತು, ಬರಬರುತ್ತಾ ಕೆಂಪಾಯಿತು. ಮರದ ಬುದ್ಧಿಯೇ ಅದು. ಬಿಸಿಲಿಗೆ ಹಾಕು, ಸರಿಹೋಗುತ್ತದೆ" ಎಂದರು. ಹನ್ನೆರಡು ಮಂದಿ ಬಾಗಿಲಿಗೆ ಬಂದಾಗಿತ್ತು. ಇಂಡಿಯನ್ ಅಂಗಡಿಯಿಂದ ತಂದ ಬಾಳೆ ಎಲೆಗಳನ್ನು ಉದ್ದಕ್ಕೂ ಒತ್ತೊತ್ತಾಗಿ ಹಾಸಿ, ಆ ಎಲೆಗಳ ಮಾನವನ್ನು ಈ ಎಲೆಗಳಿಂದ ಮುಚ್ಚಿದೆವು. ಎಂಟು ತಿಂಗಳು ಕಷ್ಟಪಟ್ಟು ಆರಿಸಿ ತಂದ ಚೆರಿ ಮರದ ಒಂದಂಗುಲವೂ ಅಂದು ಯಾರಿಗೂ ಕಾಣಿಸಲಿಲ್ಲ. ಕಡುಬು ಚೆನ್ನಾಗಿದೆ ಎಂದು ಎಲ್ಲರೂ ಹೊಗಳಿದರು.

ಮರುದಿನದಿಂದ ಅಮ್ಮ ಎಲೆಗಳ ಉಸ್ತುವಾರಿ ವಹಿಸಿಕೊಂಡರು. ದಕ್ಷಿಣದ ದೊಡ್ಡ ಗಾಜಿನ ಬಾಗಿಲ ಮುಂದೆ ಎರಡೆರಡನ್ನೇ ಮಲಗಿಸಿ, ಸಂಡಿಗೆ ಕಾಯುವವರಂತೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, ಬಿಸಿಲು ಸರಿದಂತೆ ಸರಿಸುತ್ತಾ ಬಂದರು. ಅಕ್ಟೋಬರಿನಲ್ಲಿ ಊರಿಗೆ ಹೊರಡುವಾಗ ಪಾಸ್‌ಪೋರ್ಟಿಗಿಂತ ಮೊದಲು ನೆನಪಿಸಿದ್ದು ಅದನ್ನೇ.

ಅವರನ್ನು ವಿಮಾನ ಹತ್ತಿಸಿ ಮನೆಗೆ ಮರಳಿದಾಗ ಪಕ್ಕದ ಮನೆಯ ಅಮೆರಿಕನ್ ಯಜಮಾನರು ಅಂಗಳದಲ್ಲಿ ಕುಂಟೆಯಂಥ ಕೋಲು ಹಿಡಿದು, ಮೇಪಲ್ ಮರದಿಂದ ಉದುರಿದ ರಾಶಿಯನ್ನು ಬಳಿಯುತ್ತಿದ್ದರು. ನನ್ನನ್ನು ಕಂಡು, ನಿಮ್ಮ ಎಲೆಗಳದ್ದೆಲ್ಲ ಆಯಿತೇ ಎಂದು ವಿಚಾರಿಸಿದರು.

"ನಾಲ್ಕರಲ್ಲಿ ಎರಡು ಆಗಿವೆ" ಎಂದೆ. "ಇನ್ನೆರಡು ಒಳಗೆ ಬಿಸಿಲಿಗೆ ಮಲಗಿವೆ."