ಹೊಗೆ ಬಂದ್ಮೇಲೆ ಸಿಕ್ಕ ಗೆಳೆಯರು
ಹಳೇ ಕಂಪ್ಯೂಟರ್ ರಿಪೇರಿ ಮಾಡೋರಿಗೆ ಬೇರೆ ಕೆಲ್ಸ ಇಲ್ಲ ಅಂತ ಲೇಖನದಲ್ಲಿ ತಮಾಷೆ ಮಾಡಿದೀರಲ್ಲ ಸಾರ್, ಕೇಳಿ ಇಲ್ಲಿ. ಶಾಲೆಲಿ ಕಂಪ್ಯೂಟರ್ ಕಲ್ಸೋಕೆ ಸರ್ಕಾರ ತಂದ 1984ರ ಕ್ಲಾಸ್ ಯೋಜನೆಲಿ ನಮ್ಮ ಕೆಲವು ಶಾಲೆಗಳಿಗೆ ಬಂತಲ್ಲ ಬಿಬಿಸಿ ಮೈಕ್ರೋ ಅನ್ನೋ ಬ್ರಿಟಿಷ್ ಕಂಪ್ಯೂಟರ್, 32 ಕೆಬಿ ಮೆಮೊರಿದು, ಅಂಥದ್ದೊಂದು ನಂಗೆ ಗುಜರಿಲಿ ಸಿಕ್ತು. ಸ್ವಿಚ್ ಹಾಕಿ ಹತ್ತು ನಿಮಿಷ ಆಗಿಲ್ಲ, ಢಬ್ ಅಂತು, ಮನೆ ತುಂಬಾ ಹೊಗೆ, ಹೆಂಡ್ತಿ ಬೈಗುಳ ಬೇರೆ. ಇದೇ ಹುಚ್ಚಿರೋ ಏಳೆಂಟು ಜನ ಇದೀವಿ ನಾವು, ಅವ್ರಿಗೆಲ್ಲ ಫೋಟೋ ಕಳ್ಸಿದ್ ತಕ್ಷಣ ಅದ್ರಲ್ಲಿ ಮೈಸೂರಿನ ಮೇಷ್ಟ್ರೊಬ್ರು, ಗಾಬರಿ ಆಗ್ಬೇಡಿ, ಪವರ್ ಸಪ್ಲೈಲಿರೋ ಕೆಪ್ಯಾಸಿಟರ್ ಅನ್ನೋ ಸಣ್ಣ ಬಿಡಿಭಾಗ ಹೋಗಿರೋದಷ್ಟೇ, ಬೋರ್ಡಿಗೇನೂ ಆಗಿರಲ್ಲ ಅಂದ್ರು, ಮೂರನೇ ದಿನಕ್ಕೆ ಕೊರಿಯರಲ್ಲಿ ಹೊಸ ಕೆಪ್ಯಾಸಿಟರ್ ಬಂತು, ಜೊತೆಗೆ ಮನೇಲಿ ಮಾಡಿದ್ ಚಟ್ನಿಪುಡಿ (ಅದಕ್ಕೇ ಹೆಂಡ್ತಿ ಸಮಾಧಾನ ಆಗಿದ್ದು). ದುಡ್ಡು ಎಷ್ಟು ಅಂದ್ರೆ ಬೈದ್ರು. ಇವತ್ತಿಗೂ ಅವ್ರ ಮುಖ ನೋಡಿಲ್ಲ, ಮಿಷನ್ ಆನ್ ಆಗಿ ಬೂ...ಬೀಪ್ ಅಂದಾಗ ಮಾತ್ರ ಫೋನ್ ಹಿಡ್ದು ಅವ್ರಿಗೇ ಮೊದ್ಲು ಕೇಳಿಸ್ದೆ.