ಯಾವ ಕಾಯಿಲೆಗೆ ಸಂಶೋಧನೆ ಎಂದು ದೆಹಲಿ ಹೇಳಬೇಕಾ?

ಪರ

ಮಂಗನ ಕಾಯಿಲೆಗೆ ಔಷಧ ಹುಡುಕಿ ಯಾವ ಕಂಪನಿ ತಾನೇ ಲಾಭ ಮಾಡೀತು? ಕಾಡಿನ ಉಣುಗು ಕಚ್ಚಿ ಹರಡುವ ಈ ಜ್ವರ ಹೆಚ್ಚಾಗಿ ಬರುವುದು ದರಗು ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವ ಮಲೆನಾಡಿನವರಿಗೆ. ಇಲ್ಲಿ ಸರ್ಕಾರದ ದುಡ್ಡೇ ಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ವೈರಸ್ ಪತ್ತೆ ಮಾಡಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. ಐಸಿಎಂಆರ್, ಅಂದರೆ ವೈದ್ಯಕೀಯ ಸಂಶೋಧನೆಗೆ ದುಡ್ಡು ಕೊಡುವ ದೆಹಲಿಯ ಸರ್ಕಾರಿ ಸಂಸ್ಥೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್ ಜೊತೆ ಸೇರಿ ಅದನ್ನು 1952ರಲ್ಲೇ ಶುರು ಮಾಡಿತ್ತು. ರೋಗ ಬಂದ ಮೇಲೆ ಲ್ಯಾಬ್ ಕಟ್ಟಲು ಹೊರಟಿದ್ದರೆ ಏನಾಗುತ್ತಿತ್ತು?

ಮದ್ರಾಸಿನ ಕ್ಷಯರೋಗ ಅಧ್ಯಯನವನ್ನಂತೂ ಮರೆಯುವಂತಿಲ್ಲ. ಸ್ಯಾನಟೋರಿಯಂಗಳಲ್ಲಿ, ಅಂದರೆ ಕ್ಷಯದ ಆಸ್ಪತ್ರೆಗಳಲ್ಲಿ, ಹಾಸಿಗೆ ಸಿಗದ ಕಾಲ. ಮಾತ್ರೆ ಕೊಟ್ಟು ಮನೆಯಲ್ಲೇ ವಾಸಿ ಮಾಡಬಹುದಾ? ಬಡ ದೇಶವೊಂದು ಕೇಳಲೇಬೇಕಾದ ಪ್ರಶ್ನೆ ಅದು. ಮಂಡಳಿ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ಸಂಶೋಧಕರು ಸೇರಿ ಪರೀಕ್ಷಿಸಿದರು. ಇಕ್ಕಟ್ಟಿನ ಮನೆಯಲ್ಲಿದ್ದ ರೋಗಿಯೂ ಆಸ್ಪತ್ರೆಯಲ್ಲಿದ್ದವರಷ್ಟೇ ಚೆನ್ನಾಗಿ ಗುಣವಾದ. 1959ರಲ್ಲಿ ಬಂದ ಆ ಫಲಿತಾಂಶ ಜಗತ್ತಿನ ಕ್ಷಯ ಚಿಕಿತ್ಸೆಯನ್ನೇ ಬದಲಿಸಿತು.

ವಿರೋಧ

ಸರಿ, ಅದೇ ಮಂಗನ ಕಾಯಿಲೆಯನ್ನೇ ನೋಡೋಣ. 1990ರಿಂದ ಕೊಟ್ಟ ಲಸಿಕೆಯ ಬಲ ಕುಗ್ಗುತ್ತಾ ಬಂತು. ಚುಚ್ಚಿಸಿಕೊಂಡವರಿಗೂ ಜ್ವರ ಬಂತು. 2022ರಲ್ಲಿ ಲಸಿಕೆಯನ್ನೇ ನಿಲ್ಲಿಸಿದರು. ಮಂಡಳಿ ಹೊಸ ಲಸಿಕೆಯ ಕೆಲಸಕ್ಕೆ ಕೈ ಹಾಕಿದೆ, ನಿಜ. ಆದರೆ ಹಳೆಯದು ಸೋಲುತ್ತಿದೆ ಎಂದು ಊರಿನ ವೈದ್ಯರಿಗೆ ಗೊತ್ತಿದ್ದಾಗಲೇ ಶುರುವಾಗಬೇಕಿತ್ತು ಅಲ್ವಾ? ದೆಹಲಿಯ ಪಟ್ಟಿಯಲ್ಲಿ ನಮ್ಮ ಸರದಿ ಬರುವಷ್ಟರಲ್ಲಿ ಎಷ್ಟು ಮನೆಗಳಲ್ಲಿ ಸಾವಾಯಿತು.

ಇನ್ನೊಂದು ಭಯ ಇದಕ್ಕಿಂತ ದೊಡ್ಡದು. 2020ರ ಜುಲೈ 2ರಂದು ಮಂಡಳಿಯ ಮುಖ್ಯಸ್ಥರು ಆಸ್ಪತ್ರೆಗಳಿಗೆ ಪತ್ರ ಬರೆದರು. ಕೋವಿಡ್ ಲಸಿಕೆಯ ಪ್ರಯೋಗ ಮುಗಿಸಿ ಆಗಸ್ಟ್ 15ರೊಳಗೆ ಜನರಿಗೆ ಕೊಡುವಂತಾಗಬೇಕು ಎಂದರು. ಮನುಷ್ಯರ ಮೇಲೆ ಪ್ರಯೋಗವೇ ಆಗ ಶುರುವಾಗಿರಲಿಲ್ಲ! ವಿಜ್ಞಾನಿಗಳು ಗಟ್ಟಿಯಾಗಿ ಆಕ್ಷೇಪಿಸಿದರು, ಆ ಗಡುವು ಬಿದ್ದುಹೋಯಿತು. ಆ ಲಸಿಕೆಯಲ್ಲಿ ಮಂಡಳಿಯೂ ಪಾಲುದಾರ. ದುಡ್ಡು ಕೊಡುವವರು, ದಾರಿ ಹೇಳುವವರು, ಪಾಲುದಾರರು ಮೂವರೂ ಒಬ್ಬರೇ ಆದರೆ ‘ಸ್ವಲ್ಪ ತಡೆಯಿರಿ’ ಎನ್ನುವವರು ಯಾರು? ಅನುದಾನ ನಂಬಿಕೊಂಡ ಯುವ ಸಂಶೋಧಕಿ ಬಾಯಿ ಬಿಡುವುದು ಸುಲಭವಲ್ಲ.

ದುಡ್ಡು ಬರಲಿ, ಇನ್ನೂ ಜಾಸ್ತಿ ಬರಲಿ. ಆದರೆ ಆದ್ಯತೆ ಪಟ್ಟಿ ಬರೆಯುವಾಗ ಸಾಗರ, ತೀರ್ಥಹಳ್ಳಿಯ ವೈದ್ಯರೂ ಆ ಕೋಣೆಯಲ್ಲಿ ಕೂತಿರಬೇಕು. ಲಸಿಕೆ ಇಲ್ಲದ ಅಲ್ಲಿನ ಜನ ಉಣುಗು ಹತ್ತದಿರಲಿ ಎಂದು ಕೈಕಾಲಿಗೆ ಡೆಪಾ ತೈಲ ಸವರಿಕೊಂಡು ಕಾಡಿಗೆ ಹೋಗುತ್ತಿದ್ದಾರೆ.