ಮನೆಯ ಇಂಟರ್ನೆಟ್‌ಗೆ ಗುಟ್ಟಿನ ಪೆಟ್ಟಿಗೆ: ಬೇಕೋ, ಬೇಡವೋ?

ಮೋಡೆಮ್ಮಿಗೂ ವೈಫೈ ರೌಟರಿಗೂ ನಡುವೆ ಕೂಡಿಸುವ ಸಣ್ಣ ಪೆಟ್ಟಿಗೆಗಳು ಈಗ ಆನ್‌ಲೈನ್‌ನಲ್ಲಿ ಮಾರಾಟಕ್ಕಿವೆ. ಮನೆಯಿಂದ ಹೊರಡುವ ಮಾಹಿತಿಯನ್ನು ಯಾರಿಗೂ ಓದಲು ಬಾರದಂತೆ ಮಾಡಿ, ಇಂಥದೇ ಪೆಟ್ಟಿಗೆ ಇಟ್ಟುಕೊಂಡ ಬೇರೆ ಬೇರೆಯವರ ಮನೆಗಳ ಮೂಲಕ ಇವು ಸಾಗಿಸುತ್ತವೆ. ನಡುವೆ ಒಂದೇ ಕಂಪನಿಯ ಸರ್ವರ್ ಇರುವುದಿಲ್ಲ. ಅದಕ್ಕೇ ಇದನ್ನು ವಿಕೇಂದ್ರೀಕೃತ ವಿಪಿಎನ್ ಅನ್ನುತ್ತಾರೆ. ವಿಪಿಎನ್ ಅಂದರೆ ನಿಮ್ಮ ಮಾಹಿತಿಯನ್ನು ಮುಚ್ಚಿ ಒಯ್ದು ಬೇರೆ ಕಡೆಯಿಂದ ಹೊರಬಿಡುವ ವ್ಯವಸ್ಥೆ. ಬಾಗಲಕೋಟೆಯಂಥ ಊರಿನ ಮನೆಗೆ ಇದು ಬೇಕಾ? ವಿದ್ಯಾಗಿರಿಯಲ್ಲಿ ಮನೆಯಿಂದಲೇ ತೆರಿಗೆ ಲೆಕ್ಕದ ಕೆಲಸ ಮಾಡುವವರೊಬ್ಬರು ಬೇಕು ಅನ್ನುತ್ತಾರೆ. ನವನಗರದಲ್ಲಿ ಫೈಬರ್ ಲೈನ್ ಎಳೆದು ವೈಫೈ ಹಾಕಿಕೊಡುವವರೊಬ್ಬರು ಬೇಡ ಅನ್ನುತ್ತಾರೆ.

ಪರ: ನಮ್ಮ ಮನೆಯ ಲೆಕ್ಕ ಬೇರೆಯವರ ಹತ್ತಿರ ಯಾಕೆ?

"ಮುಚ್ಚಿಡೋಕೆ ನಿನ್ನ ಹತ್ತಿರ ಅಂಥದ್ದೇನಿದೆ?" ಅಂತ ಮೊದಲು ಕೇಳುವವರು ಮನೆಯವರೇ. ನನ್ನ ಹತ್ತಿರ ಇರುವುದು ನನ್ನದಲ್ಲ, ಗಿರಾಕಿಗಳದ್ದು. ಇಳಕಲ್ಲಿನ ಸೀರೆ ಅಂಗಡಿಯವರು, ಗುಳೇದಗುಡ್ಡದ ಖಣದ ವ್ಯಾಪಾರಿಗಳು ನನ್ನನ್ನು ನಂಬಿ ಜಿಎಸ್‌ಟಿ ರಿಟರ್ನ್ ಕೊಟ್ಟಿರುತ್ತಾರೆ. ಅವರ ವ್ಯಾಪಾರ ಕುಸಿದಿದೆಯೋ, ಸಾಲ ಹುಡುಕುತ್ತಿದ್ದಾರೋ ಎಂಬುದು ಊರಿಗೆ ಗೊತ್ತಾಗಬೇಕಾದ ವಿಷಯ ಅಲ್ಲ.

ಈಗ ಎಲ್ಲ ಸೈಟುಗಳಿಗೂ ಬೀಗದ ಗುರುತು ಇದೆಯಲ್ಲ, ಇನ್ನೇನು ಅಂತ ಕೇಳಬಹುದು. ಆ ಬೀಗ ಇರುವುದು ಪುಟದೊಳಗಿನ ಮಾಹಿತಿಗೆ. ಯಾವ ಪುಟ ಓದಿದಿರಿ, ಏನು ಟೈಪ್ ಮಾಡಿದಿರಿ ಎಂಬುದು ಲೈನ್ ಕೊಟ್ಟವರಿಗೆ ಕಾಣುವುದಿಲ್ಲ, ನಿಜ. ಆದರೆ ಯಾವ ಸೈಟಿಗೆ ಹೋದಿರಿ ಎಂಬುದು ಬಹುಪಾಲು ಕಾಣುತ್ತದೆ. ಸೈಟಿನ ಹೆಸರು ಕೊಟ್ಟು ಅದರ ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ಪ್ರತಿ ಸಂಪರ್ಕಕ್ಕೂ ಇರುವ ಗುರುತಿನ ನಂಬರ್) ಕೇಳುವ ಡಿಎನ್‌ಎಸ್ ಪ್ರಶ್ನೆ ಸಾಮಾನ್ಯವಾಗಿ ಬಿಚ್ಚಿಟ್ಟ ಕಾಗದದ ಹಾಗೇ ಹೋಗುತ್ತದೆ. ಸಂಪರ್ಕ ಶುರುವಾಗುವಾಗ ಸೈಟಿನ ಹೆಸರು ಇನ್ನೊಮ್ಮೆ ಬಯಲಾಗುತ್ತದೆ. ರಾತ್ರಿ ಹನ್ನೊಂದಕ್ಕೆ ಕ್ಯಾನ್ಸರ್ ಆಸ್ಪತ್ರೆಯ ಸೈಟು, ಹನ್ನೊಂದೂವರೆಗೆ ಚಿನ್ನದ ಸಾಲದ ಸೈಟು. ಪುಟ ಓದುವುದೇ ಬೇಡ, ಕಥೆ ಗೊತ್ತಾಯಿತಲ್ವಾ?

ದೊಡ್ಡ ಊರಿನಲ್ಲಿ ಈ ದಾಖಲೆ ಯಾವುದೋ ಸರ್ವರಿನಲ್ಲಿ ಬಿದ್ದಿರುತ್ತದೆ. ನಮ್ಮಂಥ ಊರಲ್ಲಿ ಲೈನ್ ಕೊಟ್ಟವನು ಪರಿಚಯದ ಹುಡುಗ. ಮೋಡೆಮ್ ಬದಲಿಸಲು ಬಂದವನು ಒಮ್ಮೆ ಸಹಜವಾಗೇ ಕೇಳಿದ: "ಅಕ್ಕಾರ, ನಿಮ್ಮ ಮನ್ಯಾಗ ರಾತ್ರಿ ಎರಡರ ತನಾ ನೆಟ್ ಜೋರ್ ಓಡತೈತಲ್ರಿ, ಯಾರ್ ಎಚ್ಚರ ಇರ್ತಾರ್ರಿ?" ಅವನ ಮನಸ್ಸಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮಗಳು ಪರೀಕ್ಷೆಗೆ ವಿಡಿಯೋ ಪಾಠ ನೋಡುತ್ತಿದ್ದಳು, ಅಷ್ಟೇ. ಆದರೂ ನಮ್ಮ ಮನೆಯಲ್ಲಿ ದೀಪ ಎಷ್ಟೊತ್ತಿಗೆ ಆರುತ್ತದೆ ಎಂಬುದು ಅವನಿಗೆ ತಿಳಿದಿತ್ತು.

ಇದು ಸುಮ್ನೆ ಭಾವನೆಯ ಮಾತಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಹಕ್ಕು ಇದೆ ಅಂತ ಕೋರ್ಟು ಹೇಳಿತು. ಮನೆಯ ಮೋಡೆಮ್ಮಿನಲ್ಲಿ ಅದನ್ನು ಜಾರಿಗೆ ತರುವುದು ನಮ್ಮ ಕೆಲಸ.

ಹಾಗಾದರೆ ಒಂದೇ ಕಂಪನಿಯ ಸರ್ವರ್ ಮೂಲಕ ಹೋಗುವ ಸಾದಾ ವಿಪಿಎನ್ ಸಾಲದೇ? ಅದರಲ್ಲಿ ನಿಮ್ಮ ಗುಟ್ಟು ಲೈನಿನವನ ಕೈಯಿಂದ ವಿಪಿಎನ್ ಕಂಪನಿಯ ಕೈಗೆ ಹೋಗುತ್ತದೆ, ಬೇರೇನಲ್ಲ. ಗ್ರಾಹಕರ ಹೆಸರು, ವಿಳಾಸ, ಕೊಟ್ಟ ಐಪಿ, ಎಲ್ಲವನ್ನೂ 5 ವರ್ಷ ಇಟ್ಟುಕೊಳ್ಳಬೇಕು ಅಂತ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ವಿಪಿಎನ್ ಕಂಪನಿಗಳಿಗೆ ನಿರ್ದೇಶನ ಕೊಟ್ಟಿತು. ಎಕ್ಸ್‌ಪ್ರೆಸ್ ವಿಪಿಎನ್, ನಾರ್ಡ್ ವಿಪಿಎನ್, ಸರ್ಫ್‌ಶಾರ್ಕ್ ಕಂಪನಿಗಳು ಭಾರತದಲ್ಲಿದ್ದ ತಮ್ಮ ಸರ್ವರುಗಳನ್ನೇ ತೆಗೆದುಬಿಟ್ಟವು. ಎಲ್ಲರ ಮಾಹಿತಿ ಒಂದೇ ಕಡೆ ರಾಶಿ ಬಿದ್ದಿದ್ದರೆ ಕೇಳುವವರಿಗೂ ಸುಲಭ, ಕದಿಯುವವರಿಗೂ ಸುಲಭ.

ಹಂಚಿಹೋದ ಜಾಲದಲ್ಲಿ ಆ ರಾಶಿಯೇ ಇರುವುದಿಲ್ಲ. ಈ ಯೋಚನೆ ಹೊಸದೇನಲ್ಲ. 1990ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ಶುರುವಾಗಿ, 2002ರ ಹೊತ್ತಿಗೆ ಟಾರ್ ಎಂಬ ಜಾಲವಾಯಿತು. ಅದರಲ್ಲಿ ಮಾಹಿತಿ ಮೂರು ಕಂಪ್ಯೂಟರ್ ದಾಟಿ ಹೋಗುತ್ತದೆ. ಮಾಹಿತಿಯ ಮೇಲೆ ಪದರದ ಮೇಲೆ ಪದರ ಇರುತ್ತದೆ, ಒಬ್ಬೊಬ್ಬರೂ ಒಂದೊಂದು ಪದರ ಬಿಡಿಸುತ್ತಾರೆ. ಮೊದಲನೆಯವರಿಗೆ ಕಳಿಸಿದವರು ಯಾರೆಂದು ಗೊತ್ತು, ಎಲ್ಲಿಗೆಂದು ಗೊತ್ತಿಲ್ಲ. ಕೊನೆಯವರಿಗೆ ಎಲ್ಲಿಗೆಂದು ಗೊತ್ತು, ಯಾರದ್ದೆಂದು ಗೊತ್ತಿಲ್ಲ. ಈಗ ಬರುವ ಪೆಟ್ಟಿಗೆಗಳೆಲ್ಲ ಟಾರ್ ಬಳಸುತ್ತವೆ ಅಂತಲ್ಲ, ಆದರೆ ಒಬ್ಬರನ್ನೇ ಪೂರ್ತಿ ನಂಬಬೇಡಿ ಎಂಬ ತತ್ವ ಅದೇ.

ಆ್ಯಪ್ ಬಿಟ್ಟು ಪೆಟ್ಟಿಗೆಯೇ ಯಾಕೆ? ನಮ್ಮ ಮನೆಯನ್ನೇ ನೋಡಿ. ಬಾಗಿಲ ಮೇಲಿನ ಕ್ಯಾಮೆರಾಕ್ಕೆ ಆ್ಯಪ್ ಹಾಕಲು ಬರುವುದಿಲ್ಲ. ಟಿವಿಗೆ ಹಾಕುವುದು ತಲೆನೋವು. ಅತ್ತೆಯವರ ಫೋನಿನಲ್ಲಿ ಹಾಕಿಕೊಟ್ಟರೆ ಮರುದಿನ ಆಫ್ ಆಗಿರುತ್ತದೆ, "ಏನೋ ಬೀಗದ ಚಿತ್ರ ಬರಾಕತ್ತಿತ್ತವಾ, ತೆಗೆದೆ" ಅನ್ನುತ್ತಾರೆ. ಹೊಸ್ತಿಲಲ್ಲೇ ಒಂದು ಪೆಟ್ಟಿಗೆ ಇದ್ದರೆ ಎಲ್ಲರಿಗೂ ಒಟ್ಟಿಗೆ ರಕ್ಷಣೆ. ಅದೂ ಅಲ್ಲದೆ ಲೈನಿನವರು ಕೊಟ್ಟ ಮೋಡೆಮ್ಮನ್ನು ದೂರದಿಂದಲೇ ಅವರು ಬದಲಾಯಿಸಬಹುದು. ಅದರ ಈಚೆ ನಮ್ಮ ಹತೋಟಿಯಲ್ಲಿರುವ ಒಂದು ಸಾಧನ ಇರಲಿ. 2018ರಲ್ಲಿ ವಿಪಿಎನ್‌ಫಿಲ್ಟರ್ ಎಂಬ ಕುತಂತ್ರಾಂಶ 54 ದೇಶಗಳಲ್ಲಿ ಸುಮಾರು 5 ಲಕ್ಷ ರೌಟರ್ ಮತ್ತು ಅಂಥ ಸಾಧನಗಳಿಗೆ ಅಂಟಿತ್ತು. ಎಲ್ಲರೂ ರೌಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿ ಅಂತ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಹೇಳಬೇಕಾಯಿತು. ಧೂಳು ತಿನ್ನುತ್ತ ಕೂತ ಆ ರೌಟರ್ ಬಗ್ಗೆ ನಾವು ಯಾವತ್ತಾದರೂ ಯೋಚಿಸಿದ್ದೇವಾ?

ವೇಗ ಕಡಿಮೆಯಾಗುತ್ತದೆ, ಒಪ್ಪುತ್ತೇನೆ. ಬೆಲೆಯೂ ಸಾಮಾನ್ಯ ರೌಟರಿನ ಹಲವು ಪಟ್ಟು. ಅಪರಿಚಿತರ ಮಾಹಿತಿ ನಮ್ಮ ಲೈನಿನಿಂದ ಹೊರಬೀಳುತ್ತದಲ್ಲ ಎಂಬ ಭಯಕ್ಕೂ ಉತ್ತರ ಇದೆ: ಆ ಸೌಲಭ್ಯವನ್ನು ಬಂದ್ ಮಾಡಲು ಬರುವ ಪೆಟ್ಟಿಗೆಯನ್ನೇ ಕೊಳ್ಳಿ. ಟಾರ್‌ನಲ್ಲೂ ನಡುವಿನ ಕೊಂಡಿಯಾಗಿ ಮಾತ್ರ ಇದ್ದರೆ ನಿಮ್ಮ ಐಪಿ ಯಾವ ಸೈಟಿಗೂ ಕಾಣುವುದಿಲ್ಲ.

ವಿರೋಧ: ಲೈನ್ ಇರುವುದು ನಿಮ್ಮ ಹೆಸರಿನಲ್ಲಿ

ವಿದ್ಯಾಗಿರಿಯ ಅಕ್ಕಾವರು ಬರೆದದ್ದನ್ನು ಓದಿದೆ. ರಾತ್ರಿ ಎರಡರ ಮಾತು ಕೇಳಿದ ಹುಡುಗ ನಾನಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ಅವನು ನೋಡಿದ್ದು ನನಗೂ ಕಾಣುತ್ತದೆ, ಅದನ್ನು ಅಲ್ಲಗಳೆಯಲ್ಲ. ಅವರ ಕೊನೆಯ ಪ್ಯಾರಾದಲ್ಲಿ ಎರಡು ಸಾಲಿನಲ್ಲಿ ಮುಗಿದುಹೋದ ವಿಷಯ ಇದೆಯಲ್ಲ, ಅಪರಿಚಿತರ ಮಾಹಿತಿ ನಮ್ಮ ಲೈನಿನಿಂದ ಹೊರಬೀಳುವುದು, ನನ್ನ ತಕರಾರು ಪೂರ್ತಿ ಅಲ್ಲೇ ಇದೆ.

ಈ ಪೆಟ್ಟಿಗೆಗಳ ಜಾಲ ನಡೆಯುವುದು ಕೊಡುಕೊಳ್ಳುವಿಕೆಯ ಮೇಲೆ. ನಿಮ್ಮ ಮಾಹಿತಿ ಜರ್ಮನಿಯ ಯಾರದೋ ಮನೆಯಿಂದ ಹೊರಬೀಳುತ್ತದೆ. ಬ್ರೆಜಿಲ್‌ನ ಯಾರದೋ ಮಾಹಿತಿ ನವನಗರದ ನಿಮ್ಮ ಮನೆಯಿಂದ ಹೊರಬೀಳುತ್ತದೆ. ಎಲ್ಲರೂ ಆ ಸೌಲಭ್ಯ ಬಂದ್ ಮಾಡಿ ಕೂತರೆ ಜಾಲವೇ ಇರಲ್ಲ. ಅಕ್ಕಾವರ ಸಲಹೆ ನಡೆಯಬೇಕಾದರೆ ಬೇರೆ ಯಾರಾದರೂ ಆ ಅಪಾಯ ಹೊತ್ತಿರಬೇಕು. ಆ ಬೇರೆ ಯಾರೋ ನಮ್ಮ ಗಿರಾಕಿಯೇ ಆದರೆ?

ಆಗ ಏನಾಗುತ್ತದೆ ಹೇಳುತ್ತೇನೆ. ಯಾರೋ ನಿಮ್ಮ ಐಪಿ ಬಳಸಿ ಯಾರದೋ ಬ್ಯಾಂಕ್ ಖಾತೆಗೆ ಕೈ ಹಾಕಿದರು ಅಂದುಕೊಳ್ಳಿ. ಹಣ ಕಳೆದುಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡುತ್ತಾರೆ, ದೂರು ದಾಖಲಾಗುತ್ತದೆ. ಪೊಲೀಸರ ಕೈಗೆ ಸಿಗುವುದು ಐಪಿ, ಪೋರ್ಟ್ ನಂಬರ್, ತಾರೀಖು, ಸಮಯ. ಅದು ಲೈನ್ ಕೊಟ್ಟ ಕಂಪನಿಗೆ ಹೋಗುತ್ತದೆ. ಕಂಪನಿ ಗ್ರಾಹಕರ ಅರ್ಜಿ ತೆಗೆಯುತ್ತದೆ. ಅದರಲ್ಲಿ ನಿಮ್ಮ ಫೋಟೋ, ನಿಮ್ಮ ಗುರುತಿನ ಚೀಟಿ, ಸೆಕ್ಟರ್ ನಂಬರ್, ಪ್ಲಾಟ್ ನಂಬರ್. ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆಯವರು ಬಂದು ನಿಲ್ಲುವುದು ನಿಮ್ಮ ಬಾಗಿಲಿಗೆ. "ಸಾಹೇಬ್ರ, ಅದು ನಾನಲ್ರಿ, ಪೆಟ್ಟಿಗಿ" ಅಂತ ನೀವು ಹೇಳಬೇಕು. ಬಹುಶಃ ಕೊನೆಗೆ ನಿಮ್ಮ ತಪ್ಪಿಲ್ಲ ಅಂತಲೇ ಆಗಬಹುದು. ಆದರೆ ಅಷ್ಟರೊಳಗೆ ಮನೆಯ ಫೋನು, ಲ್ಯಾಪ್‌ಟಾಪು ಪರೀಕ್ಷೆಗೆ ಹೋಗಿರಬಹುದು. ಆ ಲ್ಯಾಪ್‌ಟಾಪಿನಲ್ಲಿ ಇಳಕಲ್ಲಿನ ಅಂಗಡಿಯವರ ಲೆಕ್ಕ ಇರುತ್ತದೆ! ಓಣಿಯಲ್ಲಿ ಮಾತು ಹಬ್ಬಿರುತ್ತದೆ. ಖಾಸಗಿತನ ಕಾಪಾಡಲು ತಂದ ಸಾಧನದಿಂದ ಇಡೀ ಓಣಿಗೆ ಸುದ್ದಿಯಾಗುವುದು ಎಂಥ ವ್ಯಾಪಾರ?

ಇದು ಬರೀ ನನ್ನ ಕಲ್ಪನೆ ಅನ್ನಬೇಡಿ. ಟಾರ್ ಜಾಲದಲ್ಲಿ ಕೊನೆಯ ಕೊಂಡಿ ನಡೆಸುತ್ತಿದ್ದ ಆಸ್ಟ್ರಿಯಾದ ಯುವಕನೊಬ್ಬನನ್ನು 2014ರಲ್ಲಿ ಅಲ್ಲಿನ ಕೋರ್ಟು ತಪ್ಪಿತಸ್ಥ ಅಂದಿತು. ಬೇರೆಯವರು ಅದರ ಮೂಲಕ ಸಾಗಿಸಿದ ಕೆಟ್ಟ ವಸ್ತುವಿಗಾಗಿ. 2015ರಲ್ಲಿ ಹೋಲಾ ಎಂಬ ಪುಕ್ಕಟೆ ವಿಪಿಎನ್ ತನ್ನ ಬಳಕೆದಾರರ ಲೈನನ್ನೇ ಬೇರೆಯವರಿಗೆ ಮಾರುತ್ತಿದ್ದುದು ಸುದ್ದಿಯಾಯಿತು. 2024ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯ ಇಲಾಖೆ 911 ಎಸ್5 ಎಂಬ ಜಾಲವನ್ನು ಮುರಿಯಿತು. ಪುಕ್ಕಟೆ ವಿಪಿಎನ್ ಹಾಕಿಕೊಂಡವರ ಕಂಪ್ಯೂಟರುಗಳನ್ನು ಅದು ಒಳಗೊಳಗೇ ಬಾಡಿಗೆಗೆ ಬಿಟ್ಟಿತ್ತು. ಅದರಲ್ಲಿ ಸಿಕ್ಕಿದ ಐಪಿ ವಿಳಾಸಗಳು 1 ಕೋಟಿ 90 ಲಕ್ಷಕ್ಕೂ ಜಾಸ್ತಿ. ಅಮೆರಿಕದ ಕೋವಿಡ್ ಪರಿಹಾರದ ಹಣವನ್ನು ಲಪಟಾಯಿಸಲು ಕಳ್ಳರು ಇವನ್ನೇ ಬಳಸಿದ್ದರು. ಮನೆಯ ಐಪಿಗೆ ಕಳ್ಳಪೇಟೆಯಲ್ಲಿ ಅಷ್ಟು ಬೆಲೆ, ಯಾಕೆಂದರೆ ಅದು ಸಭ್ಯರ ಮನೆಯದ್ದಾಗಿ ಕಾಣುತ್ತದೆ.

ಇನ್ನೊಂದು ತುದಿಯಲ್ಲಿ ನಿಮ್ಮ ಮಾಹಿತಿ ಹೊರಬೀಳುವ ಮನೆ ಯಾರದ್ದು? ಗೊತ್ತಿಲ್ಲ. ಅದೇ ಇದರ ಹೆಚ್ಚುಗಾರಿಕೆ ಅಂತ ಮಾರುತ್ತಾರೆ. 2007ರಲ್ಲಿ ಸ್ವೀಡನ್ನಿನ ಒಬ್ಬ ಭದ್ರತಾ ತಜ್ಞ ಟಾರ್‌ನ ಕೆಲವು ಕೊನೆಯ ಕೊಂಡಿಗಳನ್ನು ತಾನೇ ನಡೆಸಿ, ಹಾದುಹೋಗುವುದನ್ನು ನೋಡುತ್ತ ಕೂತ. ರಾಯಭಾರ ಕಚೇರಿಗಳ ಮೇಲ್ ಪಾಸ್‌ವರ್ಡುಗಳು ಸಿಕ್ಕವು, ಭಾರತದವೂ ಇದ್ದವು. ಅವರು ಬೀಗವಿಲ್ಲದ ಮೇಲ್ ಬಳಸುತ್ತಿದ್ದರು, ಈಗ ಕಾಲ ಬದಲಾಗಿದೆ. ಆದರೆ ಲೈನಿನವನಿಗೆ ಕಾಣುತ್ತಿದ್ದ ಸೈಟಿನ ಹೆಸರು ಈಗ ಆ ಅಪರಿಚಿತನಿಗೆ ಕಾಣುತ್ತದೆ. ಲೈನಿನವನಿಗೆ ಲೈಸೆನ್ಸ್ ಇದೆ, ಅಂಗಡಿ ಇದೆ, ಹೋಗಿ ಜಗಳ ಮಾಡಬಹುದು. ಆ ಅಪರಿಚಿತನ ಜತೆ ಎಲ್ಲಿ ಜಗಳ ಮಾಡುತ್ತೀರಿ?

ಪೆಟ್ಟಿಗೆಯನ್ನು ಮಾಡಿದವರ ವಿಷಯಕ್ಕೆ ಬರೋಣ. ಅನೋನಾಬಾಕ್ಸ್ ಅಂತ ಒಂದು ಟಾರ್ ಪೆಟ್ಟಿಗೆ 2014ರಲ್ಲಿ ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ಸೈಟಿನಲ್ಲಿ 5 ಲಕ್ಷ ಡಾಲರ್ ದಾಟಿ ಹಣ ಎತ್ತಿತು. ನಾವೇ ರೂಪಿಸಿದ್ದು ಅಂದಿದ್ದರು, ನೋಡಿದರೆ ಚೀನಾದಲ್ಲಿ ಸಿದ್ಧವಾಗಿ ಸಿಗುವ ಬೋರ್ಡು. ಕಿಕ್‌ಸ್ಟಾರ್ಟರ್ ಅದನ್ನು ನಿಲ್ಲಿಸಿತು. ಆಮೇಲೆ ಬೇರೆ ದಾರಿಯಲ್ಲಿ ಮಾರುಕಟ್ಟೆಗೆ ಬಂದ ಕೆಲವು ಪೆಟ್ಟಿಗೆಗಳ ವೈಫೈಗೆ ಪಾಸ್‌ವರ್ಡೇ ಇರಲಿಲ್ಲ, 2015ರಲ್ಲಿ ವಾಪಸ್ ಕರೆಸಿಕೊಂಡರು. ಗುಟ್ಟು ಕಾಯುವ ಪೆಟ್ಟಿಗೆಯ ಕಥೆ ಇದು.

ಕೆಲವರು ಲೈನ್ ಹಂಚಿದ್ದಕ್ಕೆ ಕ್ರಿಪ್ಟೋ ನಾಣ್ಯ ಬರುತ್ತದೆ ಅಂತ ಆಸೆಪಡುತ್ತಾರೆ. ಅದರ ಲಾಭದ ಮೇಲೆ 2022ರ ಏಪ್ರಿಲ್‌ನಿಂದ ಶೇ 30 ತೆರಿಗೆ. ಇದನ್ನು ಅಕ್ಕಾವರಿಗೆ ನಾನು ಹೇಳಬೇಕಿಲ್ಲ.

ದಿನದ ಕಿರಿಕಿರಿಯೂ ಇದೆ. ದೇಶದ ಹೊರಗಿನ ಐಪಿಯಿಂದ ಬಂದರೆ ನಮ್ಮ ಹಲವು ಸರ್ಕಾರಿ ಸೈಟುಗಳು ತೆರೆಯುವುದೇ ಇಲ್ಲ. ಬ್ಯಾಂಕಿನ ಆ್ಯಪ್ ಅನುಮಾನ ಪಡುತ್ತದೆ. ಮಗನ ಫಲಿತಾಂಶ ಬರುತ್ತಿಲ್ಲ, ಪಹಣಿ ತೆಗೆಯಲು ಆಗುತ್ತಿಲ್ಲ ಅಂತ ಫೋನ್ ಬರುವುದು ನನಗೆ. ಹೋಗಿ ನೋಡಿದರೆ ಲೈನ್ ಸರಿಯಾಗೇ ಇರುತ್ತದೆ.

ಇನ್ನು, ಮಾಹಿತಿ ನಿಜವಾಗಿ ಸೋರುವ ಜಾಗವೇ ಬೇರೆ. ಕಾಂಟ್ಯಾಕ್ಟ್, ಫೋಟೋ, ಲೊಕೇಶನ್ ಎಲ್ಲಕ್ಕೂ ಒಪ್ಪಿಗೆ ಒತ್ತಿ ಹಾಕಿಕೊಂಡ ಸಾಲದ ಆ್ಯಪು. ಸದಾ ಲಾಗಿನ್ ಆಗಿರುವ ಗೂಗಲ್ ಖಾತೆ. ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಬಿಟ್ಟುಬಂದ ಆಧಾರ್ ಪಿಡಿಎಫ್. ಯಾವ ಪೆಟ್ಟಿಗೆ ಇಟ್ಟರೂ ಇವು ಹಾಗೇ ಸೋರುತ್ತವೆ. ನಾನು ಹೋದ ಮನೆಗಳಲ್ಲಿ ರೌಟರಿನ ಪಾಸ್‌ವರ್ಡು ಇನ್ನೂ ಅಡ್ಮಿನ್ ಅಂತಲೇ ಇರುವುದು ಎಷ್ಟೋ ಕಡೆ ಕಂಡಿದೆ. ವೈಫೈ ಪಾಸ್‌ವರ್ಡು ಮನೆಯ ಫೋನ್ ನಂಬರೇ ಆಗಿರುತ್ತದೆ, ಅದನ್ನು ಇಡೀ ಓಣಿಗೆ ಹೇಳಿಯೂ ಆಗಿರುತ್ತದೆ.

ಅದಕ್ಕೇ ಕೇಳಿದವರಿಗೆ ಮೊದಲು ಆ ಎರಡು ಪಾಸ್‌ವರ್ಡು ಬದಲಿಸಿ ಕೊಡುತ್ತೇನೆ. ರೌಟರಿನ ಸಾಫ್ಟ್‌ವೇರ್ ಅಪ್‌ಡೇಟ್ ಮಾಡುತ್ತೇನೆ. ಆಂಡ್ರಾಯ್ಡ್ 9 ಮತ್ತು ಅದರ ನಂತರದ ಫೋನುಗಳಲ್ಲಿ ಪ್ರೈವೇಟ್ ಡಿಎನ್‌ಎಸ್ ಅಂತ ಸೆಟ್ಟಿಂಗ್ ಇದೆ, ಅದನ್ನು ಹಾಕಿದರೆ ಅಕ್ಕಾವರು ಹೇಳಿದ ಡಿಎನ್‌ಎಸ್ ಪ್ರಶ್ನೆ ನನ್ನಂಥವರಿಗೆ ಓದಲು ಬರಲ್ಲ. ಅದು ಡಿಎನ್‌ಎಸ್ ಕಂಪನಿಗೆ ಕಾಣುತ್ತದೆ, ಸೈಟಿನ ಹೆಸರು ಇನ್ನೊಂದು ಕಡೆ ಬಯಲಾಗುತ್ತದೆ, ಪೂರ್ತಿ ಪರಿಹಾರ ಅಲ್ಲ. ಯಾವತ್ತೋ ಒಂದು ದಿನ ನಿಜವಾಗಿ ಗುಟ್ಟಾಗಿ ಏನಾದರೂ ಹುಡುಕಬೇಕಾದರೆ ಟಾರ್ ಬ್ರೌಸರ್ ಪುಕ್ಕಟೆ ಸಿಗುತ್ತದೆ, ಅದನ್ನು ಬಳಸುವವರು ಯಾರ ಮಾಹಿತಿಯನ್ನೂ ಹೊರಬೇಕಿಲ್ಲ.

ಇಷ್ಟಾದ ಮೇಲೂ ಪೆಟ್ಟಿಗೆ ಬೇಕೇ ಬೇಕು ಅನ್ನುವವರು ಮಾರುವವರಿಗೆ ಕೇಳಲಿ: ಬೇರೆಯವರ ಮಾಹಿತಿ ನನ್ನ ಐಪಿಯಿಂದ ಹೊರಬೀಳುತ್ತದಾ? ಬಂದ್ ಮಾಡಿದರೆ ನಿಜವಾಗಿ ಬಂದ್ ಆಗುತ್ತದೆ ಅಂತ ಹೇಗೆ ನೋಡುವುದು? ಒಳಗಿನ ಸಾಫ್ಟ್‌ವೇರನ್ನು ಹೊರಗಿನ ತಜ್ಞರು ಓದಲು ಬಿಟ್ಟಿದ್ದೀರಾ? ನಿಮ್ಮ ಕಂಪನಿ ಮುಚ್ಚಿದರೆ ಅಪ್‌ಡೇಟ್ ಕೊಡುವವರು ಯಾರು? ಉತ್ತರವನ್ನು ಬರವಣಿಗೆಯಲ್ಲಿ ತಂದು ತೋರಿಸಿದರೆ ಅಕ್ಕಾವರ ಮನೆಗೆ ನಾನೇ ಬಂದು ಕೂಡಿಸಿಕೊಡುತ್ತೇನೆ.